ಆಟದ ಮೇಲೆ ಓಡಿದ ನಾಲ್ಕು ಸುದ್ದಿ

ಆ ಶುಕ್ರವಾರ ಸಂಜೆ ಮನೆಗೆ ಹೊರಡುವ ಮುಂಚೆ ವೇನ್ ಲಂಪಿ ಕಂಟ್ರೋಲ್ ರೂಮಿನ ಬಾಗಿಲಲ್ಲಿ ನಿಂತು ನನಗೆ ಒಂದೇ ಮಾತು ಹೇಳಿದ.

"ಎಲ್ವಿ, ಭಾನುವಾರ ಆಟ ನಡೀತಿರೋವಾಗ ಪರದೆ ಮೇಲೆ ಒಂದಕ್ಷರಾನೂ ಓಡಬಾರ್ದು. ನಮ್ಮಪ್ಪ ಸತ್ತ ಅಂತ ಸುದ್ದಿ ಬಂದ್ರೂ ಓಡಬಾರ್ದು."

"ನಿಮ್ಮಪ್ಪ ನಿನ್ ಜೊತೇಲೇ ಬೇಟೆ ಬಿಡಾರದಲ್ಲಿ ಇರ್ತಾರಲ್ಲೋ," ಎಂದೆ.

"ಅದಕ್ಕೇ ಧೈರ್ಯವಾಗಿ ಹೇಳ್ದೆ," ಎಂದ. ನಗಲಿಲ್ಲ.

ವೇನ್ ನಮ್ಮ ಟಿವಿ ಸ್ಟೇಷನ್ನಿನ ಮ್ಯಾನೇಜರ್. ಶಾಲೆಯಲ್ಲಿ ನನಗಿಂತ ಎರಡು ತರಗತಿ ಕೆಳಗಿದ್ದವನು. ಹಾಗಾಗಿ ಅವನು ಮ್ಯಾನೇಜರ್ ಆದ ಮೇಲೂ ನನ್ನ ಬಾಯಿಗೆ 'ಸರ್' ಬರಲಿಲ್ಲ. ಆದರೆ ಅವನ ಮಾತು ಮೀರಿದವಳೂ ಅಲ್ಲ. ಮೀನು ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು ಸಂಜೆ ತರಗತಿಯಲ್ಲಿ ಪ್ರಸಾರ ಯಂತ್ರಗಳ ವಿದ್ಯೆ ಕಲಿತ ನನ್ನಂಥವಳನ್ನು ಕರೆದು ಕಂಟ್ರೋಲ್ ರೂಮಿನಲ್ಲಿ ಕೂರಿಸಿದವನು ಅವನು. ಹಾಗೆ ಕೂರಿಸಿದ್ದು ಅವನ ತಪ್ಪೇನೋ ಎಂಬ ಅನುಮಾನ ನನಗೆ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಅವನಿಗೆ ಆ ಅನುಮಾನ ಬರದಂತೆ ನೋಡಿಕೊಳ್ಳುವುದೇ ನನ್ನ ಅರ್ಧ ಕೆಲಸವಾಗಿತ್ತು.

ಅವನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ನಮ್ಮದು ಚಿಕ್ಕ ಸ್ಟೇಷನ್. ಸ್ಲೇಟ್ ಹಾರ್ಬರ್ ಊರಿನ ಹೊರಗೆ, ಹಳೆಯ ಅದಿರು ರೈಲಿನ ಹಳಿಯ ಪಕ್ಕದ ಕಟ್ಟಡದಲ್ಲಿ ಇಪ್ಪತ್ತಾರು ಜನ ದುಡಿಯುತ್ತಿದ್ದೆವು. ಊರಿನ ಸುದ್ದಿ ಮತ್ತು ಹವಾಮಾನ ನಮ್ಮದು. ಮಿಕ್ಕ ಹೊತ್ತೆಲ್ಲ ನ್ಯೂಯಾರ್ಕಿನ ನೆಟ್‌ವರ್ಕ್ ಕಳಿಸುವ ಧಾರಾವಾಹಿ, ದೇಶದ ಸುದ್ದಿ, ಭಾನುವಾರದ ಫುಟ್‌ಬಾಲ್ ಇವನ್ನು ಅದರ ಹೆಸರಿನಲ್ಲೇ ಪ್ರಸಾರ ಮಾಡುತ್ತಿದ್ದೆವು. ಆ ಸಂಬಂಧದ ಕರಾರು ಡಿಸೆಂಬರ್ ಕೊನೆಗೆ ಮುಗಿಯುವುದಿತ್ತು. ದಕ್ಷಿಣದ ದೊಡ್ಡ ಊರಿನ ಸ್ಟೇಷನ್ನೊಂದು 'ಆ ಕಾಡಿನ ಜನಕ್ಕೂ ನಾವೇ ತೋರಿಸುತ್ತೇವೆ, ನಮಗೇ ಕೊಟ್ಟುಬಿಡಿ' ಎಂದು ನೆಟ್‌ವರ್ಕಿನ ಬೆನ್ನು ಹತ್ತಿತ್ತು. ನೆಟ್‌ವರ್ಕ್ ಕೈಬಿಟ್ಟರೆ ನಮ್ಮ ಹತ್ತಿರ ಉಳಿಯುವುದು ಊರ ಸುದ್ದಿ ಮಾತ್ರ. ಅಷ್ಟನ್ನೇ ನಂಬಿ ಯಾವ ಸ್ಟೇಷನ್ನೂ ಬದುಕುವುದಿಲ್ಲ.

ಸಾಲದ್ದಕ್ಕೆ ನಮ್ಮ ಮೇಲೆ ಒಂದು ದೂರಿತ್ತು. ಅದು ಬಿಡಾರದ ಸುದ್ದಿಯ ದೂರು.

ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರುವಾಯಿತೆಂದರೆ ಎರಡು ವಾರ ನಮ್ಮ ಊರುಗಳಲ್ಲಿ ಗಂಡಸರು ಸಿಗುವುದಿಲ್ಲ. ಹಲ್ಲಿನ ಡಾಕ್ಟರ್ ಇರುವುದಿಲ್ಲ, ನಲ್ಲಿ ರಿಪೇರಿಯವನು ಇರುವುದಿಲ್ಲ, ಶಾಲೆಗೂ ರಜೆ. ಎಲ್ಲರೂ ಕಾಡಿನೊಳಗೆ, ಅಜ್ಜಂದಿರು ಕಟ್ಟಿದ ಮರದ ಬಿಡಾರಗಳಲ್ಲಿ. ಅಲ್ಲಿಗೆ ಫೋನ್ ಇಲ್ಲ. ಆದರೆ ಗಾಡಿಯ ಬ್ಯಾಟರಿಗೆ ತಂತಿ ಸಿಕ್ಕಿಸಿದ ಪುಟ್ಟ ಟಿವಿ ಒಂದು ಇದ್ದೇ ಇರುತ್ತದೆ, ಭಾನುವಾರದ ಆಟ ತಪ್ಪಬಾರದಲ್ಲ. ಹಾಗಾಗಿ ಮನೆಯಲ್ಲಿ ಏನಾದರೂ ಆದರೆ ಹೆಂಗಸರು ನಮಗೆ ಫೋನ್ ಮಾಡುತ್ತಾರೆ, ನಾವು ಆಟದ ಚಿತ್ರದ ಕೆಳಗೆ ಒಂದು ಸಾಲು ಓಡಿಸುತ್ತೇವೆ. ನಾನು ಚಿಕ್ಕವಳಿದ್ದಾಗಿಂದ ಹೀಗೇ. ಒಂದೊಂದು ಸುದ್ದಿಯೂ ಮೂರು ಸಲ ಓಡಬೇಕು. ಮೊದಲ ಸಲ ಓಡುವಾಗ ಬೇಕಾದವನು ಸೌದೆ ತರಲು ಹೋಗಿರುತ್ತಾನೆ. ಸಾವು ನೋವು ಬರೆಯಬಾರದು, ಇಡೀ ಸೀಮೆ ಓದುತ್ತದೆ. 'ಮನೆಗೆ ಫೋನ್ ಮಾಡು' ಎಂದಷ್ಟೇ. ಸಿಹಿ ಸುದ್ದಿಯಾದರೆ ಮಾತ್ರ ಏನೆಂದು ಸೇರಿಸುತ್ತೇವೆ, ಓದಿದವನು ದಾರಿಯುದ್ದಕ್ಕೂ ಎದೆ ಹಿಡಿದುಕೊಂಡು ಬರಬಾರದೆಂದು.

ಹಿಂದಿನ ವರ್ಷ ಅಂಥ ಸಾಲೊಂದು ಜಾಹೀರಾತಿನ ಮೇಲೆ ಹಾದುಹೋಗಿ, ಅದರಲ್ಲಿ ತೋರಿಸುತ್ತಿದ್ದ ಹೊಸ ಟ್ರಕ್ಕಿನ ಚಕ್ರಗಳೆಲ್ಲ ಮುಚ್ಚಿಹೋಗಿದ್ದವು. ಕಂಪನಿಯವರು ನೆಟ್‌ವರ್ಕಿಗೆ ದೂರಿದರು. ನೆಟ್‌ವರ್ಕ್ ನಮಗೆ ಎಚ್ಚರಿಕೆ ಕೊಟ್ಟಿತು: ಇನ್ನೊಮ್ಮೆ ನಮ್ಮ ಕಾರ್ಯಕ್ರಮದ ಮೇಲೆ ಏನನ್ನಾದರೂ ಬರೆದರೆ ಕರಾರಿನ ಮಾತು ಮರೆತುಬಿಡಿ.

ಈ ಸಲ ತೀರ್ಮಾನಕ್ಕೆ ಮುಂಚೆ ಕಣ್ಣಾರೆ ನೋಡಿಕೊಂಡು ಹೋಗಲು ಅವರ ಕಡೆಯ ಪೀಟರ್ ಸಲೆರ್ನೊ ಎಂಬವರು ಶನಿವಾರ ಬೆಳಗ್ಗೆ ಬಂದಿಳಿದರು. ಅದು ಬೇಟೆಯ ಮೊದಲ ದಿನ. ವಿಮಾನ ನಿಲ್ದಾಣಕ್ಕೆ ಹೋಗಬೇಕಾಗಿದ್ದರಿಂದ ವೇನ್ ಆ ಬೆಳಗ್ಗೆ ಊರಲ್ಲೇ ಉಳಿದ. ಅವನ ಜೀವನದಲ್ಲಿ ಅಂಥದ್ದು ಅದೇ ಮೊದಲು. ಸಲೆರ್ನೊ ಇನ್ನೂ ನಲವತ್ತು ದಾಟದ, ತೆಳ್ಳಗಿನ, ನಯವಾದ ಮನುಷ್ಯ. ಖಾಲಿ ಕುರ್ಚಿಗಳನ್ನು ನೋಡಿ ಫೋನಿನ ಮುಂದೆ ಕೂತಿದ್ದ ಬರ್ನಿಯನ್ನು ಕೇಳಿದರು.

"ನಿಮ್ಮ ಜನ ಎಲ್ಲಿ?"

"ಕಾಡಲ್ಲಿ, ಸರ್."

"ಯಾಕೆ, ಏನಾಯ್ತು?"

"ಏನೂ ಆಗಿಲ್ಲ. ನವೆಂಬರ್ ಆಗಿದೆ."

ಬರ್ನಿ ಟ್ರೂಡೊ ಫೋನಿನ ಬೋರ್ಡು ನೋಡಿಕೊಳ್ಳುವವಳು. ಯಾರ ಬಾಯಿಂದಲಾದರೂ ಮಾತು ಹೊರಡಿಸುತ್ತಾಳೆ. ಕಾಫಿ ಮುಗಿಯುವಷ್ಟರಲ್ಲಿ ಸಲೆರ್ನೊ ಅವರ ಹೆಂಡತಿಯ ಹೆಸರು ಡಯಾನ್, ಮೊದಲ ಬಸಿರು, ಕ್ರಿಸ್‌ಮಸ್ ಕಳೆದ ಮೇಲೆ ಹೆರಿಗೆ ಎಂಬುದೆಲ್ಲ ಅವಳಿಗೆ ಗೊತ್ತಾಗಿತ್ತು. 

ಅಷ್ಟರಲ್ಲಿ ವೇನ್ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದು, "ಇವರನ್ನ ಬಿಡಾರಕ್ಕೆ ಕರ್ಕೊಂಡ್ ಹೋಗ್ತಾ ಇದೀನಿ," ಎಂದ.

"ಅವರ ಬೂಟ್ ನೋಡಿದ್ಯೇನೋ?" ಎಂದಳು ಬರ್ನಿ. "ಆ ಬೂಟಲ್ಲಿ ಇಲ್ಲಿ ಚರ್ಚಿನ ಮೆಟ್ಲು ಹತ್ತಕ್ಕಾಗಲ್ಲ."

"ನಮ್ಮಪ್ಪನ ಬೂಟ್ ಕೊಡ್ತೀನಿ. ಇನ್ನೇನ್ ಮಾಡ್ಲಿ, ಅಷ್ಟು ದೂರದಿಂದ ಬಂದವರನ್ನ ಬೇಟೆ ಟೈಮಲ್ಲಿ ಹೋಟೆಲಲ್ಲಿ ಒಂಟಿಯಾಗಿ ಬಿಡೋದಾ? ನಾಳೆ ಜನ ಏನಂತಾರೆ? ಅವರೂ ಒಪ್ಪಿದಾರೆ. ನಮ್ಮ ಚಿತ್ರ ಕಾಡಲ್ಲಿ ಎಲ್ಲಿವರೆಗೆ ಸಿಗುತ್ತೆ ಅಂತ ನೋಡ್ಬೇಕಂತೆ."

ನಮ್ಮ ಕಡೆ ಒಬ್ಬ ಅತಿಥಿಗೆ ಮಾಡಬಹುದಾದ ದೊಡ್ಡ ಮರ್ಯಾದೆ ಎಂದರೆ ಅದೇ. ಫೋನಿಲ್ಲದ, ಬಚ್ಚಲಿಲ್ಲದ ಮರದ ಗೂಡಿಗೆ ಬಸುರಿಯ ಗಂಡನನ್ನು ಕರೆದೊಯ್ಯುವುದು ಹೊರಗಿನವರಿಗೆ ಹೇಗೆ ಕಾಣಬಹುದೆಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾನಂತೂ ಅವರಿಗೆ ಉಣ್ಣೆಯ ಕಾಲುಚೀಲ ಹುಡುಕಿಕೊಟ್ಟೆ.

ಭಾನುವಾರ ಮಧ್ಯಾಹ್ನ ಹಿಮ ಸಣ್ಣಗೆ ಬೀಳುತ್ತಿತ್ತು. ಕಟ್ಟಡದಲ್ಲಿ ನಾನು ಮತ್ತು ಬರ್ನಿ ಇಬ್ಬರೇ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಫೋನುಗಳು ಬರತೊಡಗಿದವು.

ಮೊದಲನೆಯದು ರೂನಾ ಅವರ ಮನೆಯಾಕೆಯದು. ಆಕೆಯ ಗಂಡ ತನ್ನ ಕೃತಕ ಹಲ್ಲಿನ ಸೆಟ್ಟನ್ನು ಅಡುಗೆಮನೆ ಕಿಟಕಿಯಲ್ಲೇ ಮರೆತು ಹೋಗಿದ್ದ. ಆಕೆ ಅದನ್ನು ಕಾಡಿನ ದಾರಿಯಲ್ಲಿರುವ ಹಾಗ್ಲಂಡ್ ಅಂಗಡಿಗೆ ತಲುಪಿಸಿದ್ದಳು. ಬಂದು ಒಯ್ಯಲಿ ಎಂದು ಸುದ್ದಿ.

"ಆಟ ಮುಗಿದ ಮೇಲೆ ಸಂಜೆ ಸುದ್ದೀಲಿ ಓದ್ತೀವಮ್ಮ," ಎಂದಳು ಬರ್ನಿ. "ಈ ಸಲ ಆಟದ ಮೇಲೆ ಓಡಿಸೋ ಹಾಗಿಲ್ಲ."

ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಸಂಜೆ ಸುದ್ದಿ ಯಾರ್ ನೋಡ್ತಾರೆ? ಆಟ ಮುಗೀತಿದ್ದ ಹಾಗೆ ಬ್ಯಾಟರಿ ತಂತಿ ಕಿತ್ತು ಸೌನಾದ ಬಿಸಿ ಹಬೇಲಿ ಹೋಗಿ ಕೂತ್ಕೋತಾರೆ! ಎರಡ್ ವಾರ ಅವನು ಗಂಜಿ ಕುಡೀಬೇಕೇನು?"

ಎರಡನೆಯದು ಒಬ್ಬ ಹೊಸ ಮದುವಣಗಿತ್ತಿಯದು. ಬಿಡಾರದಿಂದ ತಪ್ಪಿಸಿಕೊಂಡ ನಾಯಿ ತಾನಾಗಿ ಮನೆಗೆ ಬಂದಿದೆ, ಗಂಡ ಮತ್ತು ಅವನ ಅಣ್ಣ ಬೆಳಗ್ಗಿನಿಂದ ಅದನ್ನು ಹಿಮದಲ್ಲಿ ಹುಡುಕುತ್ತಿರಬೇಕು, ಹುಡುಕುವುದನ್ನು ಬಿಡಲಿ. ಮೂರನೆಯದು ಮಕ್ಕಳೊಂದಿಗೆ ಒಬ್ಬಳೇ ಇದ್ದ ಹೆಂಗಸಿನದು. ಮನೆ ಬೆಚ್ಚಗಿಡುವ ಒಲೆ ಕೆಟ್ಟಿದೆ, ಊರಲ್ಲಿ ರಿಪೇರಿಗೆ ಒಬ್ಬ ಗಂಡಸೂ ಇಲ್ಲ. ಬರ್ನಿ ಮೂವರಿಗೂ ಅದೇ ಉತ್ತರ ಕೊಟ್ಟಳು. ಪ್ರತಿ ಸಲ ಫೋನ್ ಇಟ್ಟ ಮೇಲೆ ನನ್ನ ಕಡೆ ನೋಡುತ್ತಿದ್ದಳು. ನಾನು ಪರದೆಯ ಕಡೆ ನೋಡುತ್ತಿದ್ದೆ. ಒಲೆ ಕೆಟ್ಟವಳಿಗೆ ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಹೋಗು, ಕೀಲಿ ಕಾಲೊರಸಿನ ಕೆಳಗಿದೆ ಎಂದು ಹೇಳಿಸಿದೆ. ಅಷ್ಟರಿಂದ ಮನಸ್ಸಿಗೆ ಸಮಾಧಾನವಾಗಲಿಲ್ಲ.

ಆಮೇಲೆ ಹೋಟೆಲಿನಿಂದ ಫೋನ್ ಬಂತು. ಬರ್ನಿ ಕೇಳಿಸಿಕೊಳ್ಳುತ್ತಾ ಎದ್ದು ನಿಂತಳು. ಬಾಗಿಲಿಗೆ ಬಂದಾಗ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ಸಲೆರ್ನೊ ಅವರ ನಾದಿನಿ ನ್ಯೂಯಾರ್ಕಿಂದ ಹೋಟೆಲಿಗೆ ಫೋನ್ ಮಾಡಿದಾಳಂತೆ. ಹೆಂಡ್ತೀನ ಆಸ್ಪತ್ರೆಗೆ ಸೇರ್ಸಿದಾರೆ. ದಿನ ತುಂಬಿಲ್ಲ, ಆದ್ರೂ ಮಗು ಬರ್ತಾ ಇದೆ. ಆಪರೇಷನ್ ಮಾಡ್ಬೇಕಾಗಬಹುದಂತೆ. ಆಯಮ್ಮ ಗಂಡ ಎಲ್ಲಿ, ಗಂಡ ಎಲ್ಲಿ ಅಂತಿದಾರಂತೆ."

ನಮ್ಮ ನಿಲ್ದಾಣದಿಂದ ಸಂಜೆ ಹೊರಡುವುದು ಒಂದೇ ವಿಮಾನ. ಅದು ತಪ್ಪಿದರೆ ಮರುದಿನವೇ. ನಾನು ಮೊದಲು ಶೆರಿಫ್‌ನ ಪೊಲೀಸ್ ಕಚೇರಿಗೆ ಫೋನ್ ಮಾಡಿದೆ. ಒಬ್ಬ ತನ್ನ ಕಾಲಿಗೆ ತಾನೇ ಗುಂಡು ಹೊಡೆದುಕೊಂಡಿದ್ದ, ಇನ್ನೊಬ್ಬ ಕಾಡಲ್ಲಿ ದಾರಿ ತಪ್ಪಿದ್ದ. ಇದ್ದ ಗಾಡಿಗಳೆಲ್ಲ ಅವರ ಹಿಂದೆ ಹೋಗಿದ್ದವು. ಹಾಗ್ಲಂಡ್ ಅಂಗಡಿಗೆ ಮಾಡಿದೆ. ಅಲ್ಲಿ ಮುದುಕಿ ಒಬ್ಬಳೇ. ಲಂಪಿ ಬಿಡಾರದ ಹಿಮದ ದಾರಿಯಲ್ಲಿ ನಡೆಯುವ ವಯಸ್ಸು ಅವಳದಲ್ಲ. ಬೇರೆ ದಾರಿ ಯೋಚಿಸಿದೆ, ಸಿಗಲಿಲ್ಲ.

"ಓಡಿಸೇ," ಎಂದಳು ಬರ್ನಿ.

"ವೇನ್ ಏನ್ ಹೇಳಿದಾನೆ ಕೇಳಿಸ್ಕೊಂಡಿಲ್ವಾ?"

"ಅವರಪ್ಪ ಸತ್ರೆ ಓಡಿಸ್ಬೇಡ ಅಂದ. ಮಗು ಹುಟ್ಟೋದರ ಬಗ್ಗೆ ಏನೂ ಅಂದಿಲ್ಲ."

"ತಮಾಷೆ ಮಾಡ್ಬೇಡ ಕಣೇ. ಇಪ್ಪತ್ತಾರು ಜನದ ಅನ್ನ ಇದು. ಆಟದ ಮೇಲೆ ಬರೀತೀವಾ ಅಂತ ನೋಡೋಕೇ ಬಂದಿರೋ ಮನುಷ್ಯನ ಕಣ್ಣೆದುರಿಗೇ ಬರೆಯೋದಾ?"

"ಹಂಗಾದ್ರೆ ಬಿಡು. ನಾಳೆ ಅವರು ಬಂದು 'ನಿಮಗೆ ಗೊತ್ತಿತ್ತಾ' ಅಂತ ಕೇಳ್ತಾರಲ್ಲ, ಆಗ ಗೊತ್ತಿತ್ತು ಅಂತೀಯೋ ಇಲ್ಲ ಅಂತೀಯೋ?"

ಗೊತ್ತಿತ್ತು ಎನ್ನಬೇಕಾಗುತ್ತಿತ್ತು. ಸುಳ್ಳು ಹೇಳಿದರೆ ನನ್ನ ಮುಖವೇ ಹೇಳಿಬಿಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಎಲ್ಲೋ ಒಂದು ಆಸ್ಪತ್ರೆಯ ಮಂಚದಿಂದ ಬಾಗಿಲನ್ನೇ ನೋಡುತ್ತಿರುವ ಒಬ್ಬ ಹೆಂಗಸು ನನ್ನ ಕಣ್ಣಿಗೆ ಕಟ್ಟಿಬಿಟ್ಟಿದ್ದಳು.

ಕುರ್ಚಿ ಎಳೆದುಕೊಂಡು ಅಕ್ಷರ ಮೂಡಿಸುವ ಯಂತ್ರದ ಮುಂದೆ ಕೂತೆ. "ಬರ್ನಿ, ಆ ಹಲ್ಲಿನ ಸೆಟ್ಟಿನ ಸುದ್ದಿ ಓದು."

"ಯಾವುದನ್ನ?"

"ನಾಲ್ಕೂ ಓಡಿಸ್ಬೇಕು. ಆ ಮೂರು ಹೆಂಗಸರಿಗೆ ಆಗಲ್ಲ ಅಂದಿದೀವಿ. ಈಗ ನೆಟ್‌ವರ್ಕಿನವರಿಗೆ ಬೇಕು ಅಂದ ತಕ್ಷಣ ಆಗುತ್ತೆ ಅಂದ್ರೆ ನಾಳೆ ಅವರ ಮುಖ ಹೆಂಗೆ ನೋಡ್ಲಿ? ಮೊದಲು ಬಂದಿದ್ದು ಮೊದಲು."

"ಎಲ್ವಿ, ನಿಂಗೆ ತಲೆ ನೆಟ್ಟಗಿದ್ಯಾ? ಕೆಲಸ ಹೋಗೋದು ಹೋಗುತ್ತೆ, ಹಲ್ಲಿನ ಸೆಟ್ಟಿಗೋಸ್ಕರ ಹೋಗ್ಬೇಕಾ?"

"ಹಲ್ಲಿನ ಸೆಟ್ಟೇ ಮೊದಲು ಬಂದಿದ್ದು," ಎಂದೆ.

ಅವಳು ನನ್ನನ್ನೇ ನೋಡಿ, ತುಟಿ ಕಚ್ಚಿಕೊಂಡು ಓದತೊಡಗಿದಳು. ಮೂರು ಸುದ್ದಿ ಬೇಗ ಮುಗಿದವು. ನಾಲ್ಕನೆಯದಕ್ಕೆ ಕೈ ನಿಂತಿತು. ಬರೀ 'ಮನೆಗೆ ಫೋನ್ ಮಾಡಿ' ಎಂದು ಬರೆದರೆ ಬಿಡಾರದಲ್ಲಿದ್ದವರೆಲ್ಲ ಸಾವೆಂದು ತಿಳಿಯುತ್ತಾರೆ, ಅವರ ಮುಖ ನೋಡಿ ಸಲೆರ್ನೊ ಕೂಡ ಹಾಗೇ ತಿಳಿಯುತ್ತಾರೆ. ಏನೆಂದು ಬರೆಯುವುದು ಸಿಹಿ ಸುದ್ದಿಗೆ ಮಾತ್ರ. ಇದು ಸಿಹಿಯೋ ಕಹಿಯೋ ನನಗೆ ಹೇಗೆ ಗೊತ್ತು? ಎರಡು ಸಲ ಬರೆದು ಅಳಿಸಿದೆ. ಕೊನೆಗೆ ಸಿಹಿಯೆಂದೇ ನಂಬಿ ಬರೆದೆ: 'ಲಂಪಿ ಬಿಡಾರದಲ್ಲಿರುವ ಪೀಟರ್ ಸಲೆರ್ನೊ ಅವರಿಗೆ: ಮಗು ಬೇಗನೆ ಬರುತ್ತಿದೆ. ಡಯಾನ್ ನಿಮ್ಮನ್ನು ಕೇಳುತ್ತಿದ್ದಾರೆ. ಫೋನ್ ಮಾಡಿ, ಮನೆಗೆ ಹೊರಡಿ.'

ಆಟ ನಡೆಯುತ್ತಿತ್ತು. ಗುಂಡಿ ಒತ್ತಿದೆ.

ನಾಲ್ಕೂ ಒಂದರ ಹಿಂದೊಂದು ಓಡಿದವು. ಸ್ವಲ್ಪ ಬಿಟ್ಟು ಎರಡನೆಯ ಸಲ ಓಡಿದವು. ಜಾಹೀರಾತು ಬರುವ ಮುಂಚೆ ಮೂರನೆಯ ಸುತ್ತು ಮುಗಿಸಬೇಕೆಂದು ಹವಣಿಸಿದೆ. ಆದರೆ ಒಬ್ಬ ಆಟಗಾರ ಪೆಟ್ಟು ತಿಂದು ಬಿದ್ದ, ನ್ಯೂಯಾರ್ಕಿನವರು ಥಟ್ಟನೆ ಜಾಹೀರಾತಿಗೆ ಹೋದರು. ಸಾಲನ್ನು ಅರ್ಧಕ್ಕೆ ನಿಲ್ಲಿಸಿದರೆ ಓದುವವನಿಗೆ ಗಾಬರಿ. ನಾನು ನಿಲ್ಲಿಸಲಿಲ್ಲ. 'ಡಯಾನ್ ನಿಮ್ಮನ್ನು ಕೇಳುತ್ತಿದ್ದಾರೆ' ಎಂಬ ಮಾತು ಬೆಟ್ಟ ಹತ್ತುತ್ತಿದ್ದ ಹೊಚ್ಚ ಹೊಸ ಟ್ರಕ್ಕಿನ ಚಕ್ರಗಳ ಮೇಲೆ ನಿಧಾನವಾಗಿ ಹಾದುಹೋಯಿತು. ಹಿಂದಿನ ವರ್ಷದ ಕಂಪನಿಯದೇ ಟ್ರಕ್ಕು.

"ಮುಗೀತು," ಎಂದೆ.

"ಹೂಂ," ಎಂದಳು ಬರ್ನಿ. ನನ್ನ ಹೆಗಲ ಮೇಲೆ ಕೈಯಿಟ್ಟು ಹಾಗೇ ನಿಂತಿದ್ದಳು.

ಬಿಡಾರದಲ್ಲಿ ನಡೆದದ್ದನ್ನು ಆಮೇಲೆ ವೇನ್ ಒಂದು ರೀತಿ ಹೇಳಿದ, ಅವನ ಅಪ್ಪ ವೈಕ್ಕೊ ಇನ್ನೊಂದು ರೀತಿ. ನಾನು ವೈಕ್ಕೊ ಹೇಳಿದ್ದನ್ನೇ ಹೆಚ್ಚು ನಂಬುತ್ತೇನೆ, ಅವರಿಗೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

ಎಲ್ಲರೂ ಪಾಸ್ಟಿ ತಿನ್ನುತ್ತಾ ಆಟ ನೋಡುತ್ತಿದ್ದರಂತೆ. ಮಾಂಸ, ಆಲೂಗಡ್ಡೆ ತುಂಬಿದ ಆ ಕಡುಬನ್ನು ಸಲೆರ್ನೊ ಮೊದಲು ಮುಳ್ಳುಚಮಚದಲ್ಲಿ ಚುಚ್ಚಿ, ಆಮೇಲೆ ನಮ್ಮವರಂತೆ ಕೈಯಲ್ಲೇ ಹಿಡಿದು, ಎರಡನೆಯದಕ್ಕೆ ಬಂದಿದ್ದರಂತೆ. ಆಗ ಪರದೆಯ ಕೆಳಗೆ ರೂನಾನ ಹಲ್ಲಿನ ಸೆಟ್ಟು ಓಡಿತು.

ಸಲೆರ್ನೊ ಪಾಸ್ಟಿ ಕೆಳಗಿಟ್ಟರು. "ಲಂಪಿ, ಇದೇನು?"

ವೇನ್ ಎದ್ದು ಟಿವಿಗೆ ಅಡ್ಡ ನಿಂತ. "ಏನಿಲ್ಲ ಸರ್, ಚಿತ್ರ ಯಾಕೋ ಸರಿಯಾಗಿ ಬರ್ತಿಲ್ಲ," ಎನ್ನುತ್ತಾ ಚೆನ್ನಾಗಿ ಬರುತ್ತಿದ್ದ ಚಿತ್ರದ ಆಂಟೆನಾ ತಂತಿ ಹಿಡಿದು ತಿರುಚಿದ. ಪರದೆಯ ತುಂಬ ಬಿಳಿ ಚುಕ್ಕೆಗಳು ಬಂದವು.

"ಏಯ್, ಸರಿಯೋ ಆ ಕಡೆ!" ವೈಕ್ಕೊ ಕೂತಲ್ಲಿಂದಲೇ ಕೂಗಿದರು. "ಸುದ್ದಿ ಓಡ್ತಾ ಇದೆ!"

"ನಮ್ಮದಲ್ಲಪ್ಪ ಅದು."

"ನೋಡ್ದೇನೇ ಹೆಂಗ್ ಗೊತ್ತಾಯ್ತು ನಿಂಗೆ? ದೊಡ್ಡ ಮ್ಯಾನೇಜರ್ರು! ಸುದ್ದಿ ಓಡೋವಾಗ ಟಿವಿಗೆ ಅಡ್ಡ ನಿಂತ್ಕೊಳ್ಳೋನು ನನ್ ಮಗ ಅಂತ ಹೇಳ್ಕೊಳ್ಳಕ್ಕೆ ನಾಚಿಕೆ ಆಗುತ್ತೆ."

"ಅಪ್ಪಾ, ಸುಮ್ನಿರು, ದಮ್ಮಯ್ಯ. ನೆಟ್‌ವರ್ಕಿನವರು ಇದಾರೆ."

"ಇರ್ಲಿ ಬಿಡು. ಅವರೂ ಓದ್ಲಿ, ಕಣ್ಣಿದೆಯಲ್ಲ."

ಎಂಬತ್ತು ದಾಟಿದ ವೈಕ್ಕೊ ಎದ್ದು ಬಂದು ಮಗನ ಪ್ಯಾಂಟಿನ ಪಟ್ಟಿ ಹಿಡಿದು ಪಕ್ಕಕ್ಕೆ ಎಳೆದು, ಆಂಟೆನಾ ಸರಿ ಮಾಡುವಷ್ಟರಲ್ಲಿ ಮೊದಲ ಸುತ್ತು ಮುಗಿದುಹೋಗಿತ್ತು. ಎರಡನೆಯ ಸುತ್ತು ಬಂತು. ಹಲ್ಲಿಗೆ ನಕ್ಕರು. ನಾಯಿಗೆ 'ಪಾಪ, ಸಿಕ್ಕಿತಲ್ಲ' ಎಂದರು. ಒಲೆ ಕೆಟ್ಟ ಮನೆ ಯಾರದೆಂದು ಮಾತಾಡಿಕೊಂಡರು. ವೇನ್ ಮಾತ್ರ ಗೋಡೆಗೆ ಒರಗಿ ನಿಂತು, ಸ್ಟೇಷನ್ ಮುಚ್ಚಿದ ಮೇಲೆ ಯಾರ ಹತ್ತಿರ ಕೆಲಸ ಕೇಳುವುದು ಎಂದು ಯೋಚಿಸುತ್ತಿದ್ದನಂತೆ. ಆಗ ನಾಲ್ಕನೆಯದು ಬಂತು.

ಸಲೆರ್ನೊ ಅದನ್ನು ತಮ್ಮ ಹೆಸರಿನಿಂದ ಹಿಡಿದು ಕೊನೆಯವರೆಗೆ ಗಟ್ಟಿಯಾಗಿ ಓದಿದರಂತೆ, ಬೇರೆ ಯಾರಿಗೋ ಬಂದದ್ದನ್ನು ಓದುವ ಹಾಗೆ. ಆಮೇಲೆ ಎದ್ದರು. ಯಾವ ಕಡೆ ಹೋಗಬೇಕೆಂದು ತಿಳಿಯದೆ ಸೌದೆ ರಾಶಿಯ ಕಡೆ ನಡೆದರು.

"ಬಾಗಿಲು ಈ ಕಡೆ ಮಗಾ," ಎಂದರು ವೈಕ್ಕೊ. "ಹೆದರ್ಬೇಡ. ಕೆಟ್ಟ ಸುದ್ದಿ ಆಗಿದ್ರೆ ಮಗು ಅಂತ ಬರೀತಿರಲಿಲ್ಲ. ನಮ್ ಹುಡುಗೀರು ಹಂಗ್ ಬರೆಯಲ್ಲ."

ಟಿವಿ ಓಡುತ್ತಿದ್ದದ್ದು ವೇನ್‌ನ ಗಾಡಿಯ ಬ್ಯಾಟರಿಯಲ್ಲಿ. ಗಾಡಿ ಹೊರಡಬೇಕಾದರೆ ತಂತಿ ಕೀಳಬೇಕಿತ್ತು. ಗ್ರೀನ್ ಬೇ ತಂಡ ಗೆಲ್ಲುವ ಹತ್ತಿರವಿತ್ತು. ಬಿಡಾರದಲ್ಲಿದ್ದ ಐದು ಜನರಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ. ವೈಕ್ಕೊ ತಾವೇ ಹೋಗಿ ತಂತಿ ಕಿತ್ತರು. ಸಲೆರ್ನೊ ಮುದುಕರ ಬೂಟಿನಲ್ಲೇ, ಲೇಸು ಕೂಡ ಕಟ್ಟದೆ, ಗಾಡಿ ಹತ್ತಿದರು.

ಹಾಗ್ಲಂಡ್ ಅಂಗಡಿಯಿಂದ ಅವರು ಮೊದಲು ಆಸ್ಪತ್ರೆಗೆ ಫೋನ್ ಮಾಡಿದರು. ಆಮೇಲೆ ನಮಗೆ. ಬರ್ನಿ ಕಣ್ಣರಳಿಸಿ ಫೋನನ್ನು ನನ್ನ ಕೈಗೆ ಕೊಟ್ಟಳು.

"ಸುದ್ದಿ ಓಡಿಸಿದ್ದು ಯಾರು?" ಎಂದರು ಸಲೆರ್ನೊ.

"ನಾನು ಸರ್. ಎಲ್ವಿ ಸಾರಿ. ವೇನ್ ಬೇಡ ಅಂದಿದ್ದ. ಬರ್ನಿಗೂ ಇದಕ್ಕೂ ಸಂಬಂಧ ಇಲ್ಲ. ನಾನೇ ಓಡಿಸಿದ್ದು."

"ಡಯಾನ್ ಜೊತೆ ಮಾತಾಡ್ದೆ," ಎಂದರು. "ವಿಮಾನ ಸಿಗುತ್ತೆ ಅಂತಿದಾನೆ ಲಂಪಿ. ಕಾಯ್ತೀನಿ ಅಂದಳು. ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಾ ಇಲ್ಲ, ಎಲ್ವಿ."

"ಬೇಡ ಸರ್, ನೀವು ಮೊದಲು ಹೊರಡಿ."

"ಒಂದು ಮಾತು. ನಾನು ಬಂದಿದ್ದು ಯಾಕೆ ಅಂತ ನಿಮಗೆ ಗೊತ್ತು. ನಡೆದದ್ದನ್ನ ನಾನು ವರದೀಲಿ ಬರೀಲೇಬೇಕು."

"ಗೊತ್ತು ಸರ್. ಮೂರನೇ ಸುತ್ತು ಜಾಹೀರಾತಿನ ಮೇಲೂ ಹೋಯ್ತು. ಟ್ರಕ್ಕಿನದು. ನೀವು ಅಷ್ಟೊತ್ತಿಗೆ ಹೊರಟಿದ್ರೇನೋ, ನೋಡಿರಲ್ಲ. ಅದನ್ನೂ ಬರ್ಕೊಳ್ಳಿ."

ಬರ್ನಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಆ ಕಡೆಯಿಂದ ನಗುವಿನಂಥದ್ದೇನೋ ಕೇಳಿಸಿತು, ಅಥವಾ ಅಳುವೋ, ನನಗೆ ತಿಳಿಯಲಿಲ್ಲ. ಆಮೇಲೆ ಅವರು, "ಇಲ್ಲಿ ಗಲ್ಲಾ ಪಕ್ಕ ಒಂದು ಡಬ್ಬೀಲಿ ಹಲ್ಲಿನ ಸೆಟ್ಟಿದೆ. ಅದರ ಮಾಲೀಕರೇ ಬಂದು ಕೈಗೆ ತಗೊಂಡ್ರು ನೋಡಿ, ಈಗಷ್ಟೇ," ಎಂದು ಫೋನ್ ಇಟ್ಟರು.

ಮಗು ಹುಟ್ಟಿದಾಗ ಅವರು ಆಸ್ಪತ್ರೆಯಲ್ಲಿದ್ದರು. ಹೆಣ್ಣು ಮಗು, ತೀರಾ ಪುಟ್ಟದು, ಆದರೆ ಅತ್ತ ಸದ್ದು ಹೊರಗಿನ ಪಡಸಾಲೆಗೂ ಕೇಳಿಸಿತಂತೆ. ಸೋಮವಾರ ಬೆಳಗ್ಗೆ ವೇನ್ ಇದನ್ನು ಹೇಳಿದ. ಹೇಳುವಾಗ ಅವನ ಮುಖ ಅರಳಿತ್ತು. ಆಮೇಲೆ ಬಾಗಿಲು ಹಾಕಿ ನನ್ನೆದುರು ಕೂತ.

"ಒಂದು ಓಡಿಸಿದ್ದು ನಂಗೆ ಅರ್ಥ ಆಗುತ್ತೆ. ನಾನಾಗಿದ್ರೂ ಓಡಿಸ್ತಿದ್ದೆ. ನಾಲ್ಕು ಯಾಕೆ ಎಲ್ವಿ? ಹಲ್ಲಿನ ಸೆಟ್ ಯಾಕೆ?"

ನಾನು ಹೇಳಿದೆ. ಅವನು ಬಹಳ ಹೊತ್ತು ನೆಲ ನೋಡುತ್ತಾ ಕೂತಿದ್ದ.

"ಬೈದುಬಿಡು," ಎಂದೆ. "ಸುಮ್ನೆ ಕೂತ್ಕೋಬೇಡ."

"ಬೈಯೋಣ ಅಂತಾನೇ ಬಂದೆ. ನಮ್ಮಪ್ಪ ನಿನ್ನೆ ನನ್ನ ಬೈದು ಬೈದು, ನಂಗೆ ಒಂದೂ ಬೈಗುಳ ಉಳಿಸಿಲ್ಲ," ಎಂದು ಎದ್ದು ಹೋದ.

ಸಲೆರ್ನೊ ಹೇಳಿದಂತೆಯೇ ಮಾಡಿದರು. ವರದಿಯಲ್ಲಿ ಎಲ್ಲವನ್ನೂ ಬರೆದರು, ಟ್ರಕ್ಕನ್ನೂ ಬಿಡಲಿಲ್ಲ. ಓಡಿದ ಸುದ್ದಿಗಳಲ್ಲಿ ಒಂದು ತಮ್ಮದೇ ಆದ್ದರಿಂದ ಈ ವಿಷಯದಲ್ಲಿ ತಾವು ತೀರ್ಪು ಹೇಳುವುದು ಸರಿಯಲ್ಲ, ಬೇರೆಯವರು ನೋಡಲಿ ಎಂದು ಕಡತವನ್ನು ಮೇಲಕ್ಕೆ ಕಳಿಸಿದರು. ವೇನ್ ಇದನ್ನು ಕೇಳಿ ತಲೆ ಮೇಲೆ ಕೈ ಹೊತ್ತು ಕೂತ. ಆದರೂ ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತೇ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ, ಮಾಡಿ ರಾತ್ರಿಯೆಲ್ಲ ಹೊರಳಾಡುತ್ತಿದ್ದೆ.

ಆಮೇಲಿನ ವಾರಗಳನ್ನು ನೆನೆಯುವುದು ಕಷ್ಟ. ಯಾರೂ ನನ್ನನ್ನು ದೂರಲಿಲ್ಲ, ಅದೇ ಹೆಚ್ಚು ಭಾರವಾಗಿತ್ತು. ಹವಾಮಾನ ಹೇಳುವವನಿಗೆ ಎರಡನೆಯ ಮಗುವಾಗಿತ್ತು. ಕ್ಯಾಮೆರಾದವನು ಹೊಸದಾಗಿ ಮನೆ ಕೊಂಡಿದ್ದ. ಎದುರಿಗೆ ಸಿಕ್ಕಾಗಲೆಲ್ಲ ಅವರು ನನಗೆ ಎಂದಿಗಿಂತ ನಯವಾಗಿ ನಮಸ್ಕಾರ ಹೇಳುತ್ತಿದ್ದರು. ಒಲೆ ಕೆಟ್ಟಿದ್ದ ಮನೆಯ ಹೆಂಗಸು ಏಲಕ್ಕಿ ಬ್ರೆಡ್ಡು ಮಾಡಿ ತಂದುಕೊಟ್ಟಳು. ಅವಳ ಗಂಡ ಮೂರನೆಯ ಸುತ್ತಿನಲ್ಲಿ ಸುದ್ದಿ ನೋಡಿ ಸಂಜೆಯೊಳಗೆ ಮನೆಗೆ ಬಂದಿದ್ದ. ಆ ಬ್ರೆಡ್ಡನ್ನು ಕೋಣೆ ಕೋಣೆಗೂ ಒಯ್ದು ಹಂಚಿದೆ. ಒಬ್ಬಳೇ ತಿನ್ನಲು ಧೈರ್ಯ ಬರಲಿಲ್ಲ.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ನ್ಯೂಯಾರ್ಕಿನಿಂದ ಫೋನ್ ಬಂತು. ವೇನ್‌ಗಲ್ಲ, ನನಗೆ. ತೀರ್ಪು ಯಾರ ಕೈಗೆ ಹೋಗಿತ್ತೋ ಆ ಹೆಂಗಸು ಮಾತಾಡುತ್ತಿದ್ದರು. ದನಿ ಒಣ ಒಣವಾಗಿತ್ತು.

"ವರದೀಲಿ ಒಂದು ವಿಷಯ ನನಗೆ ಅರ್ಥ ಆಗ್ಲಿಲ್ಲ. ಸಲೆರ್ನೊ ಅವರದು ತುರ್ತು ಅನ್ನೋದು ಸರಿ. ಮಿಕ್ಕ ಮೂರು ಯಾಕೆ ಓಡಿಸಿದ್ರಿ?"

"ಅವು ಮೊದಲು ಬಂದಿದ್ವು, ಮೇಡಂ."

"ಅಷ್ಟೇನಾ?"

"ಅಷ್ಟೇ. ನಿಮ್ಮ ನಿಯಮ ಮುರಿಯೋದೇ ಆದ್ರೆ ಎಲ್ಲರಿಗೂ ಮುರೀಬೇಕು ಅನ್ನಿಸ್ತು. ನಿಮ್ಮವರಿಗೆ ಮಾತ್ರ ಮುರಿದಿದ್ರೆ..." ಮುಂದೆ ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. "ಮುರಿದಿದ್ರೆ ಅದು ನಿಮ್ಮನ್ನ ಓಲೈಸಿದ ಹಾಗೆ ಆಗ್ತಿತ್ತು."

ಆ ಕಡೆ ಪೆನ್ನು ಮೇಜಿನ ಮೇಲೆ ಕುಟ್ಟುವ ಸದ್ದು ಕೇಳಿಸಿತು. "ಸರಿ," ಎಂದು ಅವರು ಫೋನ್ ಇಟ್ಟರು. ನಾನು ಹೋಗಿ ವೇನ್‌ಗೆ, ಕೆಲಸ ಕೆಡಿಸಿಬಿಟ್ಟೆ ಅಂತ ಕಾಣುತ್ತೆ ಎಂದು ಹೇಳಿಬಂದೆ.

ಕ್ರಿಸ್‌ಮಸ್ಸಿನ ಹಿಂದಿನ ವಾರ ಕರಾರು ಬಂತು. ಎಂದಿನಂತೆ ಐದು ವರ್ಷಕ್ಕಲ್ಲ, ಎರಡೇ ವರ್ಷಕ್ಕೆ. ಮುಚ್ಚಿಹೋದ ಟ್ರಕ್ಕಿನ ಜಾಹೀರಾತನ್ನು ನಮ್ಮ ಖರ್ಚಿನಲ್ಲಿ ಮತ್ತೆ ತೋರಿಸಬೇಕು. ಆದರೆ ನೆಟ್‌ವರ್ಕ್ ನಮ್ಮಲ್ಲೇ ಉಳಿಯಿತು. ವೇನ್ ಹಜಾರದಲ್ಲಿ ನಿಂತು ಇದನ್ನು ಹೇಳಿದಾಗ ಕ್ಯಾಮೆರಾದವನು ಗೋಡೆಗೆ ಆತು ಹಾಗೇ ನೆಲಕ್ಕೆ ಕುಸಿದು ಕೂತ. ಬರ್ನಿ ಅಳುತ್ತಲೇ ಎಲ್ಲರನ್ನೂ ಗದರಿಸಿ ಕಾಫಿ ಹಂಚಿದಳು.

ನಾನು ಮೂಲೆಯಲ್ಲಿ ನಿಂತಿದ್ದೆ. ವೇನ್ ಬಂದು ಒಂದು ಹಾಳೆ ಕೈಗಿಟ್ಟ. "ಇದು ಹೊಸದಾಗಿ ಸೇರ್ಸಿರೋದು. ನೀನೇ ಪಾಲಿಸಬೇಕಾದ್ದು, ಓದ್ಕೋ."

ಓದಿದೆ. ಬೇಟೆಯ ಎರಡು ವಾರ, ಜಾಹೀರಾತಿನ ಹೊತ್ತು ಬಿಟ್ಟು, ಆಟದ ಮೇಲೆ ಸುದ್ದಿ ಓಡಿಸಬಹುದು. ಯಾವುದನ್ನು ಓಡಿಸಬೇಕು ಎಂಬುದು ಆ ಹೊತ್ತಿಗೆ ಕೆಲಸದಲ್ಲಿರುವ ಆಪರೇಟರಿನ ವಿವೇಚನೆಗೆ ಬಿಟ್ಟದ್ದು.

"ವೇನ್, ಇದನ್ನ ಯಾರೋ ಓದ್ದೇನೇ ರುಜು ಹಾಕಿದಾರೆ."

"ಯಾಕೆ?"

"ಆಪರೇಟರ್ ಅಂದ್ರೆ ನಾನು ಕಣೋ."

"ಗೊತ್ತು ಅವರಿಗೆ. ಫೋನಲ್ಲಿ ನಿನ್ನ ಹೆಸರು ಹೇಳೇ ಮಾತಾಡಿದ್ರು."

"ಅಯ್ಯೋ ದೇವರೇ," ಎಂದಳು ಪಕ್ಕದಲ್ಲಿದ್ದ ಬರ್ನಿ. "ಇನ್ನು ಇವಳು ನಿದ್ದೆ ಮಾಡಿದ ಹಾಗೇ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಕ್ಷರಗಳು ಕಣ್ಣ ಮುಂದೆ ಕಲಸಿಹೋಗುತ್ತಿದ್ದವು. ನನ್ನ ವಿವೇಚನೆಗೆ ಏನನ್ನಾದರೂ ಬಿಡಬಹುದೆಂದು ಅದುವರೆಗೆ ಯಾರೂ ಬರೆದು ಕೊಟ್ಟಿರಲಿಲ್ಲ. ನಾನೂ ನನಗೆ ಹೇಳಿಕೊಂಡಿರಲಿಲ್ಲ. ವೇನ್‌ಗೆ, ಬರ್ನಿಗೆ, ಆ ಒಣ ದನಿಯ ಹೆಂಗಸಿಗೆ, ಫೋನಿನಲ್ಲಿ ಸಿಟ್ಟಿನಿಂದ ಕೂಗಾಡಿದ ರೂನಾ ಮನೆಯಾಕೆಗೆ, ಇವರಲ್ಲಿ ಯಾರಿಗೆ ಮೊದಲು ಕೈಮುಗಿಯಬೇಕೋ ತಿಳಿಯದೆ ಹಾಳೆ ಹಿಡಿದುಕೊಂಡು ನಿಂತೆ.

ಅಷ್ಟರಲ್ಲಿ ಗೋಡೆಯ ಗಡಿಯಾರ ಕಣ್ಣಿಗೆ ಬಿತ್ತು. ನ್ಯೂಯಾರ್ಕಿನ ಮಧ್ಯಾಹ್ನದ ಧಾರಾವಾಹಿಗೆ ಹೊತ್ತಾಗಿತ್ತು. ಹಾಳೆಯನ್ನು ಬರ್ನಿಯ ಕೈಗೆ ತುರುಕಿ ಕಂಟ್ರೋಲ್ ರೂಮಿಗೆ ಓಡಿದೆ. ಧಾರಾವಾಹಿ ಸರಿಯಾದ ಹೊತ್ತಿಗೆ ಶುರುವಾಯಿತು.